ಹಾಡು ಬಿಟ್ಟವರು ಮರಳಿ ಹಾಡಬಾರದೇ?

“ಶಾಲೆಯಲ್ಲಿದ್ದಾಗ ಆಕೆ ಬಲು ಚೆನ್ನಾಗಿ ಹಾಡುತ್ತಿದ್ದಳು” ಎಂಬ ಮಾತನ್ನು ರಾಯಚೂರಿನಲ್ಲಿಯೂ, ನಮ್ಮ ಹೆಣ್ಣುಮಕ್ಕಳು ಮದುವೆಯಾಗಿ ಸೇರಿರುವ ದೇವದುರ್ಗ ಮಾನವಿಗಳ ಮನೆಗಳಲ್ಲಿಯೂ ನಾವು ಪದೇ ಪದೇ ಕೇಳುತ್ತೇವೆ. ಇದನ್ನು ಹೊಗಳಿಕೆಯೆಂದೇ ಆಡುವರು. ಆದರೆ ತೀರಿಹೋದವರ ವಿಷಯದಲ್ಲಿ ಆಡತಕ್ಕ ಧಾಟಿಯಿಂದ, ಎದುರಿಗೆ ಕುಳಿತು ರೊಟ್ಟಿ ಬಡಿಯುತ್ತಿರುವ ಮಗಳ ವಿಷಯವನ್ನಾಡುವುದು ನಮಗೆ ಸರಿದೋರದು. ಹಾಡುಗಾರಿಕೆಯು ಮದುವೆಗೆ ಮುಂಚಿನ ಅಲಂಕಾರವೆಂದೂ, ನಾಲ್ಕು ವರ್ಷ ನಿಂತರೆ ನಿಂತೇ ಹೋಯಿತೆಂದೂ ನಮ್ಮವರು ನಂಬಿರುವಂತಿದೆ.

ದೊಡ್ಡ ಕಂಪನಿಗಳ ಆಶ್ರಯವಿಲ್ಲದೆ ಸ್ವಂತ ಬಲದಿಂದ ಹಾಡುವ ಇಂದಿನ ಕಲಾವಿದರ ವೃತ್ತಾಂತವನ್ನು ನೋಡಿದರೆ ಈ ನಂಬಿಕೆಗೆ ಆಧಾರವಿಲ್ಲವೆಂದು ತಿಳಿಯುವುದು. ಶಿಶುನಾಳ ಶರೀಫರ ಪದಗಳನ್ನು ಗಿಟಾರಿನೊಡನೆ ಹಾಡಿ ಹೆಸರಾದ ರಘು ದೀಕ್ಷಿತರ ಮೊದಲನೆಯ ಆಲ್ಬಂ 2008ರಲ್ಲಿ ಹೊರಬಂದಿತು. ಎರಡನೆಯದಾದ ‘ಜಗ್ ಚಂಗಾ’ ಬಂದದ್ದು 2013ರಲ್ಲಿ. ಐದು ವರ್ಷಗಳ ಆ ಅಂತರವನ್ನು ನಾವೆಲ್ಲ ಸಿದ್ಧತೆಯೆಂದು ಎಣಿಸಿದೆವು. ಗಂಡಸಿಗೆ ಸಿದ್ಧತೆಯಾದದ್ದು ಹೆಂಗಸಿಗೆ ಮುಕ್ತಾಯವಾಗುವುದು ಯಾವ ನ್ಯಾಯ?

ಹೆಂಗಸರ ಉದಾಹರಣೆ ಬೇಕೆನ್ನುವವರು ಇಂಗ್ಲೆಂಡಿನ ಇಮೊಜೆನ್ ಹೀಪ್ ಎಂಬಾಕೆಯನ್ನು ನೋಡಬಹುದು. ಕಂಪ್ಯೂಟರು ಮೊದಲಾದ ವಿದ್ಯುತ್ ಯಂತ್ರಗಳಿಂದ ಪಾಪ್ ಗೀತೆಗಳನ್ನು ಕಟ್ಟುವ ಈಕೆ ಆ ವಿದ್ಯೆಯನ್ನು ಕಲಿತದ್ದು ತಾನು ಓದುತ್ತಿದ್ದ ವಸತಿಶಾಲೆಯಲ್ಲಿ. ಅಲ್ಲಿದ್ದ ಅಟಾರಿ ಕಂಪ್ಯೂಟರಿನ ಮುಂದೆ ಕುಳಿತು ತಾನೇ ಕಲಿತಳು. (ನಮ್ಮ ಶಾಲೆಗಳ ಆಡಳಿತದವರು ಈ ಸಂಗತಿಯನ್ನು ಗಮನಿಸತಕ್ಕದ್ದು.) 1998ರಲ್ಲಿ ಮೊದಲ ಆಲ್ಬಂ ಆಯಿತು. ಬಳಿಕ ಕಂಪನಿಯ ಆಸರೆ ತಪ್ಪಿತು. ಆಗ ತನ್ನ ಮನೆಯನ್ನೇ ಅಡವಿಟ್ಟು, ಹಾಡುಗಳನ್ನು ತಾನೇ ರಚಿಸಿ, ತಾನೇ ಮುದ್ರಿಸಿ, 2005ರಲ್ಲಿ ‘ಸ್ಪೀಕ್ ಫಾರ್ ಯುವರ್‌ಸೆಲ್ಫ್’ ಎಂಬ ಆಲ್ಬಮನ್ನು ಹೊರತಂದಳು. ಅದರಲ್ಲಿನ ಪ್ರಸಿದ್ಧ ಗೀತೆಯೊಂದು ಹುಟ್ಟಿದ್ದು ಕಂಪ್ಯೂಟರು ಕೆಟ್ಟುಹೋದ ರಾತ್ರಿಯಂದು. ಒಂದು ಕಂಠವನ್ನು ಹಲವಾಗಿ ನುಡಿಸುವ ಸಣ್ಣ ಯಂತ್ರವೊಂದೇ ಉಳಿದಿತ್ತು, ಅದರಿಂದಲೇ ಹಾಡಿದಳು. ಮತ್ತೆ ನಾಲ್ಕು ವರ್ಷ ಕಳೆದು 2009ರಲ್ಲಿ ‘ಎಲಿಪ್ಸ್’. ಅದಕ್ಕಾಗಿ ತವರುಮನೆಯಲ್ಲಿ ಬಾಲ್ಯದ ಆಟದ ಕೋಣೆಯಾಗಿದ್ದುದನ್ನು ಧ್ವನಿಮುದ್ರಣದ ಕೋಣೆಯಾಗಿ ಮಾಡಿಕೊಂಡಳು. 2010ರಲ್ಲಿ ಅದರ ಧ್ವನಿಮುದ್ರಣ ಕೌಶಲಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ದೊರೆಯಿತು. ಕಂಠಕ್ಕಲ್ಲ, ಯಂತ್ರದ ಮೇಲಣ ಕೈಗೆ ದೊರೆತ ಮನ್ನಣೆಯೆಂಬುದನ್ನು ನಾವು ಮರೆಯಬಾರದು.

ಯಂತ್ರದಿಂದ ಬಂದದ್ದು ಸಂಗೀತವೇ ಎಂದು ಹಿರಿಯರು ಆಕ್ಷೇಪಿಸುವುದುಂಟು. ನಮ್ಮ ಗಾಯನದ ತರಗತಿಗಳ ಜೀವಾಳವಾದ ಹಾರ್ಮೋನಿಯಂ ಕೂಡ ಯಂತ್ರವೇ, ಹೊರಗಿನಿಂದ ಬಂದದ್ದೇ. 1940ರಲ್ಲಿ ರೇಡಿಯೋದವರು ಅದನ್ನು ಬಹಿಷ್ಕರಿಸಿದ್ದರು. 1971ರವರೆಗೆ ಅದು ಬಾಗಿಲ ಹೊರಗೇ ಇತ್ತು. ಈಗ ಅದನ್ನು ಪರಕೀಯವೆನ್ನುವವರು ಯಾರು?

ನಮ್ಮ ನೆಲದಲ್ಲಿ ಹಾಡಿಗೆ ಅಂಕಿತವೆಂಬುದೊಂದುಂಟು. ಮಾನವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು, ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು, ಮಾನವಿಯ ಜಗನ್ನಾಥದಾಸರು, ಇವರ ಪದಗಳ ಕೊನೆಯ ನುಡಿಯನ್ನು ಕೇಳಿದೊಡನೆ ರಚಿಸಿದವರು ಯಾರೆಂದು ಓದುಬರಹ ಬಾರದ ಮುದುಕಿಯೂ ಹೇಳಬಲ್ಲಳು. ಆದರೆ ನಮ್ಮ ಹುಡುಗಿಯು ಹಾಡಿದ್ದನ್ನು ಮತ್ತಾರೋ ಮುದ್ರಿಸಿ, ಮತ್ತಾರೋ ತಿದ್ದಿ, ಮತ್ತಾರದೋ ಹೆಸರಿನಲ್ಲಿ ಹರಡಿದರೆ ಆಕೆಯ ಅಂಕಿತವೆಲ್ಲಿ? ಆದಕಾರಣ ರಾಗದೊಡನೆ ಯಂತ್ರವನ್ನೂ ಆಕೆಗೆ ಕಲಿಸಬೇಕೆಂದು ನಾವು ಒತ್ತಿ ಹೇಳುತ್ತೇವೆ. ಸಂಗೀತದ ಕೋಣೆಯಲ್ಲಿ ಹಾರ್ಮೋನಿಯಂ ಪಕ್ಕದಲ್ಲಿ ಒಂದು ಕಂಪ್ಯೂಟರು, ಒಂದು ಒಳ್ಳೆಯ ಮೈಕು ಇರಲಿ; ಕೋಣೆಯ ಬೀಗದ ಕೈ ದೊಡ್ಡ ತರಗತಿಯ ಹುಡುಗಿಯರಲ್ಲಿಯೇ ಇರಲಿ.

ಮದುವೆಯಾದವರ ಮಾತು ಇದಕ್ಕಿಂತ ಕಠಿಣ. ಸಂಸಾರ, ಮಕ್ಕಳು, ಅತ್ತೆಮಾವಂದಿರ ಸೇವೆ, ಇವುಗಳ ನಡುವೆ ಬಿಡುವೆಲ್ಲಿ ಎಂದು ಅವರು ಕೇಳಿದರೆ ನಮ್ಮಲ್ಲಿ ಸಿದ್ಧ ಉತ್ತರವಿಲ್ಲ. ಪತಿಗಳನ್ನೂ ತಂದೆಗಳನ್ನೂ ಇಷ್ಟೇ ಕೇಳುತ್ತೇವೆ: ದಿನಕ್ಕೊಂದು ತಾಸು, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ. ಇನ್ನು ಮುಂದಿನ ವರ್ಷದ ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ ಬರುವ ಸೋದರಿಯರನ್ನು ಕೇವಲ ಸ್ವಾಗತಗೀತೆಗೆ ನಿಲ್ಲಿಸದೆ, ಅವರು ಹೊಸದಾಗಿ ಕಟ್ಟಿದ ಹಾಡುಗಳಿಗಾಗಿ ಅರ್ಧ ತಾಸನ್ನು ಮೀಸಲಿಡಬೇಕೆಂದು ಕಾರ್ಯಕಾರಿಣಿಯನ್ನು ಬೇಡುತ್ತೇವೆ. ಎಷ್ಟು ವರ್ಷ ಹಾಡದಿದ್ದರೆಂದು ಯಾರೂ ಕೇಳಬಾರದು.