ಹಿತ್ತಿಲ ಗೋಡೆಯ ಆಚೆ

ಇರುಳೆಲ್ಲ ಅಲೆದು, ಬೆಳಗಿನ ಜಾವದಲ್ಲಿ ಹರಿದ ಕಿವಿಯೊಡನೆ ಹಿತ್ತಿಲ ಗೋಡೆಯನ್ನು ಇಳಿದುಬಂದು, ಒಲೆಯ ಮಗ್ಗುಲಲ್ಲಿ ಮುದುಡಿಕೊಂಡು ಮುಂಗಾಲಿನ ಗಾಯವನ್ನು ನೆಕ್ಕುತ್ತಿರುವ ಗಂಡುಬೆಕ್ಕನ್ನು ಕಂಡವರು ಅಯ್ಯೋ ಎಂದು ಹಾಲೆರೆಯುತ್ತಾರೆಯೇ ಹೊರತು, ಅದು ಯಾರೊಡನೆ ಕಾದಾಡಿತು, ಯಾವ ವ್ಯಾಧಿಯನ್ನು ಕೊಟ್ಟು ಯಾವುದನ್ನು ತಂದಿತು ಎಂದು ವಿಚಾರಿಸುವುದಿಲ್ಲ. ವಿಚಾರಿಸಲೇಬೇಕೆಂಬುದು ನನ್ನ ವಾದ.

ಸಾಕಿದ ಬೆಕ್ಕಿನ ಆರೋಗ್ಯವು ಮನೆವಾರ್ತೆಯೆಂದೂ ಅಡವಿಯ ಪ್ರಾಣಿಯ ರೋಗವು ಪ್ರಕೃತಿಯ ವ್ಯಾಪಾರವೆಂದೂ ನಾವು ಮಾಡಿಕೊಂಡ ವಿಭಾಗವನ್ನು ವೈರಸ್ಸು ಮನ್ನಿಸದು. ಏಕೆಂದರೆ ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯದ ಕಣಜಗಳ ಬಳಿಗೆ ಇಲಿಗಳನ್ನರಸಿ ಬಂದ ಕಾಡುಬೆಕ್ಕೇ ನಮ್ಮ ಮನೆಬೆಕ್ಕಿನ ಮೂಲವಾಗಿ, ಒಂದರ ದೇಹವನ್ನು ಹೊಕ್ಕ ರೋಗಕ್ಕೆ ಇನ್ನೊಂದರ ದೇಹವು ಅಪರಿಚಿತವಲ್ಲ. ಒಂದೇ ಮನೆಯ ಹಲವು ಬೆಕ್ಕುಗಳು ಅರ್ಬುದಕ್ಕೆ ತುತ್ತಾದುದನ್ನು ಕಂಡು ಸಂಶಯಗೊಂಡ ಗ್ಲಾಸ್ಗೋದ ವಿಲಿಯಂ ಜ್ಯಾರೆಟ್ ಮತ್ತು ಸಂಗಡಿಗರು 1964ರಲ್ಲಿ ಗುರುತಿಸಿದ ರಕ್ತಾರ್ಬುದದ ವೈರಸ್ಸು ಎಂಜಲಿನಿಂದ ಹರಡುವಂಥದು; ಮಮತೆಯಿಂದ ಮೈನೆಕ್ಕಿದರೂ ಸರಿ, ರೋಷದಿಂದ ಕಚ್ಚಿದರೂ ಸರಿ. ಜೀವಕೋಶದ ವಂಶವಾಹಿಯಲ್ಲಿಯೇ ಅದು ಸೇರಿಹೋಗುವುದರಿಂದ, ನೆಲೆಯೂರಿದ ಮೇಲೆ ಹೊರಗಟ್ಟುವ ಔಷಧವಿಲ್ಲ.

ಸ್ಪೇನಿನ ದೊನ್ಯಾನದ ವನಗಳಲ್ಲಿ 2007ರಲ್ಲಿ ಐಬೀರಿಯದ ಲಿಂಕ್ಸ್‌ಗಳಿಗೆ ತಗುಲಿದ್ದು ಇದೇ ವ್ಯಾಧಿ. ಮುಡಿಗೂದಲಿನ ಕಿವಿಯ, ಮೊಲವನ್ನೇ ನಂಬಿ ಬದುಕುವ ಆ ಕಾಡುಬೆಕ್ಕಿನ ಸಂತತಿ ಶತಮಾನದ ಆರಂಭಕ್ಕೆ ನೂರರ ಆಸುಪಾಸಿಗೆ ಕುಗ್ಗಿತ್ತು. ರೋಗದ ಮೂಲವು ಊರಬೆಕ್ಕೆಂದು ತಿಳಿದುಬಂದಾಗ ಅಲ್ಲಿಯವರು ಸೋಂಕಿತ ಲಿಂಕ್ಸ್‌ಗಳನ್ನು ಹಿಡಿದು ಬೇರೆಯಿರಿಸಿದರು, ಉಳಿದವಕ್ಕೆ ಲಸಿಕೆ ಚುಚ್ಚಿದರು. ಫ್ಲಾರಿಡದ ಪ್ಯಾಂಥರ್‌ಗಳಿಗೂ ಕೆಲವೇ ವರ್ಷ ಮೊದಲು ಇದೇ ಗತಿಯೊದಗಿತ್ತು.

ವ್ಯಾಧಿಯೂ ಪ್ರಕೃತಿಯ ನಿಯಮವೇ, ಅದರಲ್ಲಿ ಮನುಷ್ಯನು ಕೈಹಾಕಬಾರದು ಎನ್ನುವವರುಂಟು. ಸಾವಿರಾರು ಪ್ರಾಣಿಗಳಿದ್ದ ಕಾಲಕ್ಕೆ ಆ ಮಾತು ಒಪ್ಪುತ್ತಿತ್ತು; ನೂರಕ್ಕೆ ಇಳಿಸಿದವರು ನಾವು, ಊರಬೆಕ್ಕನ್ನು ಕಾಡಿನಂಚಿಗೆ ಒಯ್ದವರೂ ನಾವೇ ಆಗಿರುವಾಗ, ಪ್ರಕೃತಿಯ ಹೆಸರನ್ನು ಹೇಳಿ ಸುಮ್ಮನಿರುವುದು ಸಲ್ಲದು. ಹಾಗೆಂದು ಬೀದಿಬೆಕ್ಕುಗಳನ್ನು ಕೊಲ್ಲುವುದಕ್ಕೂ ನನ್ನ ಸಮ್ಮತಿಯಿಲ್ಲ. ಸಂತಾನಹರಣ ಮಾಡಿಸಿದ ಗಂಡುಬೆಕ್ಕು ಅಲೆಯುವುದೂ ಕಾದುವುದೂ ಕಡಿಮೆ, ಲಸಿಕೆ ಹಾಕಿಸಿದ್ದು ರೋಗವನ್ನು ಹೊರುವುದೂ ಕಡಿಮೆ.

ಲಸಿಕೆಯೊಂದೇ ಸಾಕೆಂದಲ್ಲ. ನಮ್ಮ ಬನ್ನೇರುಘಟ್ಟದಲ್ಲಿ 2023ರಲ್ಲಿ ಲಸಿಕೆ ಪಡೆದಿದ್ದ ಏಳು ಚಿರತೆಮರಿಗಳು ಬೆಕ್ಕಿನ ಕುಲಕ್ಕೆಲ್ಲ ತಗಲುವ ಪಾನ್‌ಲ್ಯೂಕೋಪೀನಿಯಾದಿಂದ ಸತ್ತುವು. ಆ ವೈರಸ್ಸು ಮಣ್ಣಿನಲ್ಲಿ, ಹಾಸಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಒಂದೆಡೆಯಿಂದ ಇನ್ನೊಂದೆಡೆಗೆ ಅದನ್ನು ಒಯ್ಯಲು ಬೆಕ್ಕೇ ಬೇಕಿಲ್ಲ, ನಮ್ಮ ಪಾದರಕ್ಷೆಯ ಅಡಿಗಂಟಿದ ಕೆಸರು ಸಾಕು.