ಕೊನೆಯ ದಿನವೇ ಇಲ್ಲದ ಯುದ್ಧಾನುಮತಿ

ಅವಳಿ ಗೋಪುರಗಳು ಕುಸಿದ ಮೂರೇ ದಿನಕ್ಕೆ, 2001ರ ಸೆಪ್ಟೆಂಬರ್ 14ರಂದು, ಅಮೆರಿಕದ ಸಂಸತ್ತು ಪುಟ್ಟದೊಂದು ನಿರ್ಣಯವನ್ನು ಅಂಗೀಕರಿಸಿತು. ಸೆಪ್ಟೆಂಬರ್ 11ರ ದಾಳಿಗೆ ಸಂಚು ಹೂಡಿದವರು, ನೆರವಾದವರು, ಅಂಥವರಿಗೆ ಆಶ್ರಯ ಕೊಟ್ಟವರು ಯಾರೆಂದು ಅಧ್ಯಕ್ಷರೇ ತೀರ್ಮಾನಿಸಿ ಅವರ ಮೇಲೆ ಸೇನೆ ನುಗ್ಗಿಸಬಹುದು ಎಂಬುದು ಅದರ ತಿರುಳು. ಸೆನೆಟ್‌ನಲ್ಲಿ 98–0, ಪ್ರತಿನಿಧಿ ಸಭೆಯಲ್ಲಿ 420–1.

ಆ ಒಂದು ವಿರೋಧ ಮತ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದು. ಅವರೂ ಮೃತರಿಗಾಗಿ ಮರುಗಿದ್ದರು. ಸದನದಲ್ಲಿ ಮಾತಾಡುವಾಗ ಅವರ ಗಂಟಲು ಕಟ್ಟಿತ್ತು. ಗುರಿಯೂ ಖಚಿತವಿಲ್ಲದ, ಹೊರಬರುವ ದಾರಿಯೂ ಗೊತ್ತಿಲ್ಲದ ಯುದ್ಧಕ್ಕೆ ಇಳಿಯುವುದು ಬೇಡ ಎಂದರು. ಅದಕ್ಕೆ ಸಿಕ್ಕಿದ್ದು ಕೊಲೆ ಬೆದರಿಕೆ, ಪೊಲೀಸ್ ಕಾವಲು.

ಅವರು ಹೆದರಿದ್ದೇ ಆಯಿತು. ಆ ನಿರ್ಣಯದಲ್ಲಿ ಯಾವ ಸಂಘಟನೆಯ ಹೆಸರೂ ಇಲ್ಲ, ದೇಶದ ಹೆಸರೂ ಇಲ್ಲ, ಅವಧಿಯಂತೂ ಇಲ್ಲವೇ ಇಲ್ಲ. ಅಫ್ಘಾನಿಸ್ತಾನದಿಂದ ಶುರುವಾದದ್ದು ಯೆಮನ್, ಸೊಮಾಲಿಯಾ, ಲಿಬಿಯಾ, ಸಿರಿಯಾಗಳಿಗೆ ಹಬ್ಬಿತು. 2014ರಲ್ಲಿ ಐಸಿಸ್ ಮೇಲಿನ ದಾಳಿಗೂ ಒಬಾಮ ಸರ್ಕಾರ ಇದನ್ನೇ ಆಧಾರವೆಂದಿತು. ಐಸಿಸ್ ಆಗ ಸೆಪ್ಟೆಂಬರ್ 11ರ ದಾಳಿ ನಡೆಸಿದ್ದ ಅಲ್ ಖೈದಾದಿಂದ ಸಿಡಿದು ಅದರೊಂದಿಗೇ ಕಾದಾಡುತ್ತಿತ್ತು! 2017ರ ಅಕ್ಟೋಬರ್‌ನಲ್ಲಿ ನೈಜರ್‌ನ ಟೊಂಗೊ ಟೊಂಗೊ ಹಳ್ಳಿಯ ಬಳಿ ನಾಲ್ವರು ಅಮೆರಿಕನ್ ಯೋಧರು ಹೊಂಚುದಾಳಿಗೆ ಬಲಿಯಾದಾಗ, ಅಲ್ಲಿ ಸಾವಿರದಷ್ಟು ಸೈನಿಕರಿದ್ದುದೇ ತನಗೆ ತಿಳಿದಿರಲಿಲ್ಲ ಎಂದರು ಸೆನೆಟರ್ ಲಿಂಡ್ಸೆ ಗ್ರಹಾಂ. ಸೇನಾ ವ್ಯವಹಾರಗಳ ಸಮಿತಿಯ ಸದಸ್ಯರೇ ಹೀಗೆಂದರೆ, ಮಗನನ್ನು ಸೇನೆಗೆ ಕಳಿಸಿದ ತಾಯಿ ಯಾರನ್ನು ಕೇಳಬೇಕು?

ತಪ್ಪನ್ನೆಲ್ಲ ಅಧ್ಯಕ್ಷರ ತಲೆಗೆ ಕಟ್ಟುವುದು ನ್ಯಾಯವಲ್ಲ. 2015ರಲ್ಲಿ ಒಬಾಮ ಅವರೇ ಐಸಿಸ್ ವಿರುದ್ಧ ಮೂರು ವರ್ಷಗಳ ಮಿತಿಯ ಹೊಸ ಕರಡು ಕಳಿಸಿದ್ದರು. ಸಂಸತ್ತು ಅದನ್ನು ಮತಕ್ಕೇ ಹಾಕಲಿಲ್ಲ. ಯುದ್ಧದ ಪರ ಕೈ ಎತ್ತಿದರೂ ಕಷ್ಟ, ವಿರುದ್ಧ ಎತ್ತಿದರೂ ಕಷ್ಟ. ಸುಮ್ಮನಿದ್ದರೆ ಮುಂದಿನ ಚುನಾವಣೆಗೆ ಕ್ಷೇಮ. ಈ ಜಾರಿಕೊಳ್ಳುವಿಕೆಯೇ ದೊಡ್ಡ ಅಪರಾಧ.

ಭಯೋತ್ಪಾದಕರು ಹೆಸರು, ನೆಲೆ ಬದಲಿಸುತ್ತಲೇ ಇರುತ್ತಾರೆ, ಪ್ರತಿ ಸಲ ಸದನದ ಒಪ್ಪಿಗೆಗೆ ಕಾಯಲಾದೀತೇ ಎಂಬ ವಾದವಿದೆ. ತುರ್ತು ನಿಜ. ಆದರೆ 1973ರ ಯುದ್ಧಾಧಿಕಾರ ಕಾಯಿದೆಯಲ್ಲಿ ಅದಕ್ಕೆ ದಾರಿಯಿದೆ: 48 ಗಂಟೆಯೊಳಗೆ ಸಂಸತ್ತಿಗೆ ವರದಿ, ಒಪ್ಪಿಗೆ ಸಿಗದಿದ್ದರೆ 60 ದಿನಗಳ ಗಡುವು. ಜರ್ಮನಿಯಲ್ಲಂತೂ ಹೊರದೇಶದ ಸಶಸ್ತ್ರ ಕಾರ್ಯಾಚರಣೆಗೆ ಸಂಸತ್ತಿನ ಮಂಜೂರಾತಿ ಬೇಕೇ ಬೇಕು. ಎಷ್ಟು ಸೈನಿಕರು, ಎಲ್ಲಿ, ಎಷ್ಟು ಕಾಲ ಎಂಬುದನ್ನು ಅದರಲ್ಲೇ ಬರೆಯಲಾಗುತ್ತದೆ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಮತ್ತೆ ಮತ.

2017ರಲ್ಲಿ 2001ರ ನಿರ್ಣಯವನ್ನು ಕೊನೆಗೊಳಿಸುವ ಲೀ ಅವರ ತಿದ್ದುಪಡಿ ಪ್ರತಿನಿಧಿ ಸಭೆಯ ಸಮಿತಿಯೊಂದರಲ್ಲಿ ಅಂಗೀಕಾರವಾಗಿತ್ತು. ಅದು ಸದನಕ್ಕೆ ಬರುವ ಮುನ್ನವೇ ಸಭೆಯ ನಾಯಕರು ಕೈಬಿಟ್ಟರು. ಆ ತಿದ್ದುಪಡಿ ಮತ್ತೆ ಬರಬೇಕು. ಜೊತೆಗೆ, ಹೋರಾಡಬೇಕಾದ ಗುಂಪುಗಳನ್ನೂ ದೇಶಗಳನ್ನೂ ಹೆಸರಿಸಿ, ಎರಡು ವರ್ಷಕ್ಕೆ ತಾನಾಗಿ ರದ್ದಾಗುವ ಹೊಸ ಕಾಯಿದೆಯನ್ನು ಈಗಿನ ಸದಸ್ಯರು ತಮ್ಮ ಹೆಸರಿನಲ್ಲೇ ಮತಕ್ಕೆ ಹಾಕಬೇಕು.