ಕೊಳೆತ ಹಲಗೆಗೂ ಮಾರ್ಕ್ಸ್ ಕೊಡಿ

ಫೈನಲ್ ಇಯರ್ ಪ್ರಾಜೆಕ್ಟ್ ಅಂದ ಕೂಡಲೇ ನಾವೆಲ್ಲ ಹೊಸದೇನಾದರೂ ಕಟ್ಟೋ ಮಾತಾಡ್ತೀವಿ. ಇರೋದನ್ನ ರಿಪೇರಿ ಮಾಡ್ತೀವಿ ಅಂದ್ರೆ ಯಾರೂ ಒಪ್ಪಲ್ಲ. ಅದು ಗ್ಯಾರೇಜ್ ಕೆಲಸವಂತೆ! ಈ ಮಾತು ತಪ್ಪು ಅನ್ನೋದಕ್ಕೆ ನಮ್ಮ ಕರಾವಳಿಯ ಸಣ್ಣ ಫೈಬರ್ ದೋಣಿಯೇ ಸಾಕ್ಷಿ.

ಔಟ್‌ಬೋರ್ಡ್ ಎಂಜಿನ್ ಕೂರಿಸುವ ದೋಣಿಯ ಹಿಂಬದಿಯ ಗೋಡೆಗೆ ಟ್ರಾನ್ಸಮ್ ಅಂತಾರೆ. ಎಂಜಿನ್ನಿನ ಭಾರವೂ ಅದು ದೋಣಿಯನ್ನು ತಳ್ಳುವ ಬಲವೂ ಬೀಳುವುದು ಇದರ ಮೇಲೆಯೇ. ನೋಡಲು ಪೂರ್ತಿ ಫೈಬರ್. ಆದರೆ ಅನೇಕ ದೋಣಿಗಳಲ್ಲಿ ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ ಇರುತ್ತದೆ. ಬೋಲ್ಟ್ ತೂತಿನ ಸೀಲೆಂಟ್ ಬಿಟ್ಟುಕೊಂಡರೆ ನೀರು ಒಳಗೆ ಇಳಿಯುತ್ತೆ, ಹೊರಬರಲು ದಾರಿಯಿಲ್ಲ. ಫೈಬರ್ ಕೊಳೆಯಲ್ಲ, ಮರ ಕೊಳೆಯುತ್ತೆ. ಮೇಲೆ ಥಳಕು, ಒಳಗೆ ಹುಳುಕು.

ಇದರಿಂದ ಏನಾಗುತ್ತೆ ಅಂತ ಲೆಕ್ಕ ಹಾಕೋಣ. 5 ಮಿ.ಮೀ. ದಪ್ಪದ ಎರಡು ಪದರ, ನಡುವೆ 40 ಮಿ.ಮೀ. ಮರ ಅಂತಿಟ್ಟುಕೊಳ್ಳಿ. ಮರ ಗಟ್ಟಿಯಿದ್ದಾಗ ಎರಡೂ ಪದರ ಸೇರಿ ಒಂದೇ ತೊಲೆಯ ಹಾಗೆ ನಿಲ್ಲುತ್ತವೆ. ಮರ ಪುಡಿಯಾದರೆ ಎರಡೂ ತಮ್ಮ ಪಾಡಿಗೆ ಬಾಗುತ್ತವೆ. ಫೈಬರ್ ಪದರಗಳ ಮೊಮೆಂಟ್ ಆಫ್ ಇನರ್ಷಿಯಾ ಮಾತ್ರ ಹಿಡಿದರೂ ಸುಮಾರು 240 ಪಟ್ಟು ವ್ಯತ್ಯಾಸ! ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಪ್ಯಾರಲಲ್ ಆಕ್ಸಿಸ್ ಥಿಯರಮ್ ಇಲ್ಲಿ ಕಣ್ಣೆದುರೇ ಇದೆ.

ರೋಗ ಪತ್ತೆ ಮಾಡೋದೂ ಪಾಠವೇ. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಜಾಗ ಟಣ್ ಅನ್ನುತ್ತೆ, ಕೊಳೆತದ್ದು ದಬ್ ಅನ್ನುತ್ತೆ. ಒಳಗಿಂದ ಚಿಕ್ಕ ತೂತು ಕೊರೆದಾಗ ಒದ್ದೆಯಾದ ಕಂದು ಪುಡಿ ಬಂದರೆ ಅನುಮಾನವೇ ಬೇಡ.

ಮೇಲೊಂದು ಪದರ ಮೆತ್ತಿ ಬಣ್ಣ ಹೊಡೆದರೆ ಅದು ರಿಪೇರಿಯಲ್ಲ. ತೇವವನ್ನು ಒಳಗೇ ಕೂಡಿಹಾಕಿದಂತೆ. ಸರಿಯಾದ ಕೆಲಸ ಅಂದ್ರೆ ಎಂಜಿನ್ ಇಳಿಸಿ, ಅಂಚಿನಲ್ಲಿ ಎರಡು ಮೂರು ಇಂಚು ಬಿಟ್ಟು ಒಳಪದರ ಕತ್ತರಿಸಿ, ಕೊಳೆತದ್ದನ್ನೆಲ್ಲ ಕೆರೆದು ಒಣಗಿಸಬೇಕು. ಐಎಸ್ 710 ಗುರುತಿನ ಮರೀನ್ ಪ್ಲೈವುಡ್ಡಿನ ಅಂಚುಗಳಿಗೂ ಎಪಾಕ್ಸಿ ಬಳಿದು, ಗಟ್ಟಿ ಎಪಾಕ್ಸಿಯ ಮೇಲೆ ಕೂರಿಸಿ ಕ್ಲ್ಯಾಂಪ್ ಹಾಕಬೇಕು. ಹಳೇ ಫೈಬರಿನ ಅಂಚನ್ನು ದಪ್ಪದ ಹನ್ನೆರಡು ಪಟ್ಟು ಉದ್ದಕ್ಕೆ ಇಳಿಜಾರಾಗಿ ಉಜ್ಜಿ ಹೊಸ ಪದರ ಬೆಸೆಯಬೇಕು. ಬೋಲ್ಟ್ ತೂತನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಮತ್ತೆ ಸರಿಯಾದ ಅಳತೆಗೆ ಕೊರೆದರೆ ಮುಂದೆ ನೀರು ಬಂದರೂ ಮರಕ್ಕೆ ತಾಗಲ್ಲ. ಫೈಬರ್ ಉಜ್ಜುವಾಗ ಮಾಸ್ಕ್, ಕನ್ನಡಕ ಕಡ್ಡಾಯ.

"ಇದರಲ್ಲಿ ಹೊಸತೇನಿದೆ?" ಅಂತ ಗೈಡ್ ಕೇಳಬಹುದು. ಇದೆ, ಸಾರ್. ಪಾಲಿಯೆಸ್ಟರ್ ಅಗ್ಗ, ಹಳೇ ಪದರಕ್ಕೆ ಚೆನ್ನಾಗಿ ಅಂಟೋದು ಎಪಾಕ್ಸಿ, ಆದರೆ ದುಬಾರಿ. ಉಪ್ಪುನೀರಲ್ಲಿ ನೆನೆಸಿಟ್ಟ ತುಂಡುಗಳನ್ನು ನಮ್ಮ ಲ್ಯಾಬಿನ ಯುಟಿಎಂನಲ್ಲಿ ಎಳೆದು ನೋಡಿದರೆ, ಆ ಹೆಚ್ಚಿನ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು ಅನ್ನೋದಕ್ಕೆ ದೋಣಿಯವರಿಗೆ ಒಂದು ಉತ್ತರ ಸಿಗುತ್ತೆ.

ಉತ್ತರ ಬೇಕಾಗಿರೋದೂ ಅವರಿಗೇ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ದಡದಲ್ಲಿರುವಾಗ, ಕಡಿಮೆ ಎಚ್‌ಪಿಯ ನಾಡದೋಣಿಗಳು ಮಳೆಗಾಲದ ಕಡಲಿಗೇ ಇಳಿಯುತ್ತವೆ. ಅಲ್ಲಿ ಟ್ರಾನ್ಸಮ್ ಕೈಕೊಟ್ಟರೆ ಹೋಗುವುದು ಬರೀ ಎಂಜಿನ್ನಲ್ಲ, ಜೀವ. ದೋಣಿ ರಿಪೇರಿ ಮಾಡೋ ಮೇಸ್ತ್ರಿಗಳ ಕೈಯಲ್ಲಿ ಅನುಭವ ಇದೆ, ನಮ್ಮ ಲ್ಯಾಬಲ್ಲಿ ಅಳೆಯುವ ಯಂತ್ರ ಇದೆ. ಎರಡೂ ಒಂದು ಕಡೆ ಸೇರಬೇಕು.

ಅದಕ್ಕೇ ನಾವು ಡಿಪಾರ್ಟ್‌ಮೆಂಟಿಗೆ ಕೇಳೋದು ಇಷ್ಟೇ: ಮುಂದಿನ ವರ್ಷದ ಪ್ರಾಜೆಕ್ಟ್ ಪಟ್ಟಿಯಲ್ಲಿ ರಿಪೇರಿಗೂ ಒಂದು ಸಾಲು ಕೊಡಿ. ಜೂನಿಯರ್‌ಗಳೇ, ಕೊಟ್ಟರೆ ಬಿಡಬೇಡಿ.